ಎರಡು ಕೆರೆ, ಮೂರು ಮನೆ

ಬೆಟಗೇರಿಯ ಕಸ್ತೂರೆವ್ವ ನಲವತ್ತೆರಡನೆಯ ವಯಸ್ಸಿಗೆ, ಇಲ್ಲಿ ಬರುವ ಮೂವರೂ ಸೇರಿ, ಐವತ್ತೇಳು ಕನ್ಯೆಯರನ್ನು ನೋಡಿಬಂದಿದ್ದಳು. ಲೆಕ್ಕ ಅವಳದೇ. ಕೆಲವು ವರ್ಷ ಬಿಟ್ಟು ಎರಡು ಸಲ ಕೇಳಿದ್ದೇನೆ, ಎರಡು ಸಲವೂ ಅದೇ ಸಂಖ್ಯೆ ಬಂತು.

ಕನ್ಯೆ ನೋಡಲು ಬರೀ ಗಂಡಸರು ಹೋಗುವಂತಿಲ್ಲ, ಜೊತೆಗೆ ಒಬ್ಬ ಮುತ್ತೈದೆ ಇರಬೇಕು. ಹುಡುಗಿಯ ತಲೆಗೆ ಹೂ ಮುಡಿಸುವವಳು, ಒಳಗೆ ಹೋಗಿ ತಾಯಿಯೊಡನೆ ಮಾತಾಡುವವಳು ಅವಳು. ಮನೆಯಲ್ಲಿ ಅಂಥವರು ಇಲ್ಲದವರು ಕಸ್ತೂರೆವ್ವನನ್ನು ಕರೆದೊಯ್ಯುತ್ತಿದ್ದರು. ಅವಳದೊಂದು ನಿಯಮವಿತ್ತು. ನೋಡಿಬಂದ ಮನೆಗೆ ಎಂಟು ದಿನದೊಳಗೆ ಹೌದು ಅಥವಾ ಇಲ್ಲ ಎಂಬ ಉತ್ತರ ಮುಟ್ಟಬೇಕು. 'ವಿಚಾರ ಮಾಡಿ ತಿಳಸ್ತೇವಿ' ಎಂದು ಹೇಳಿಹೋಗಿ ಆರು ತಿಂಗಳು ಸುಮ್ಮನಿರುವವರೇ ಹೆಚ್ಚಿದ್ದ ಕಾಲ ಅದು. ಗಂಡಿನ ಕಡೆಯವರು ಸುಮ್ಮನಾದರೆ ಇವಳೇ ಕಾರ್ಡು ಬರೆಸುತ್ತಿದ್ದಳು, ಇಲ್ಲವೇ ಬಸ್ಸು ಹತ್ತಿ ಹೋಗಿ ಹೇಳಿಬರುತ್ತಿದ್ದಳು. ಹೀಗಾಗಿ ಸುತ್ತಿನ ಊರುಗಳಲ್ಲಿ ಒಂದು ಮಾತು ನಿಂತಿತ್ತು: "ಕಸ್ತೂರೆವ್ವ ಬಂದಾಳಂದ್ರ ಖರೇನ ನೋಡಾಕ ಬಂದಾರ."

೧೯೮೩ರ ಡಿಸೆಂಬರಿನಲ್ಲಿ ಅವಳನ್ನು ಕರೆದವರು ದೇವೇಂದ್ರಪ್ಪ. ಗದಗಿನಲ್ಲಿ ರೈತರ ಹತ್ತಿಯನ್ನು ದಲಾಲಿಗೆ ಮಾರಿಕೊಡುವ ಅಡತಿ ಅಂಗಡಿ ಇದ್ದವರು. ಕಸ್ತೂರೆವ್ವನ ಗಂಡ ಚನ್ನಬಸವಣ್ಣ ಹದಿನೆಂಟು ವರ್ಷದಿಂದ ಅದೇ ಅಂಗಡಿಯ ಗುಮಾಸ್ತ. ದೇವೇಂದ್ರಪ್ಪನವರ ಮಗ ಪ್ರಭುದೇವನಿಗೆ ಕನ್ಯೆ ನೋಡುವುದಿತ್ತು. ರವಿವಾರ ಒಂದು ಅಂಬಾಸಿಡರ್ ಕಾರು ಗೊತ್ತುಮಾಡಿದ್ದೇವೆ, ಡಂಬಳದ ಕೆರೆ ನೋಡಿ, ಸಂಜೆಗೆ ಮಾಗಡಿಯ ಕೆರೆಯ ಹಕ್ಕಿ ನೋಡಿ ಬರುವುದು, ಹಾದಿಯಲ್ಲಿ ಡಂಬಳ, ಮುಂಡರಗಿ, ಶಿರಹಟ್ಟಿಯ ಮೂರು ಕನ್ಯೆ ನೋಡುವುದು ಎಂದು ಹೇಳಿಕಳಿಸಿದರು. ತಮ್ಮ ಹೆಂಡತಿಗೆ ಮೊಣಕಾಲು ನೋವು, ಆಕೆ ಬರುವುದಿಲ್ಲ ಎಂದೂ ಹೇಳಿಸಿದರು. ಒಬ್ಬನೇ ಮಗನ ಕನ್ಯೆ ನೋಡಲು ತಾಯಿ ಬಾರದಿರುವುದು ಕಸ್ತೂರೆವ್ವನಿಗೆ ವಿಚಿತ್ರವೆನಿಸಿತು. ಆದರೆ ಧಣಿಯ ಮನೆಯ ಮಾತು, ಕೇಳಲಿಲ್ಲ. ಅಲ್ಲದೆ ಅವಳು ಅಂದಿನವರೆಗೆ ಕಾರಿನಲ್ಲಿ ಕೂತಿರಲಿಲ್ಲ.

ಒಟ್ಟು ಐದು ಜನ ಹೊರಟರು. ದೇವೇಂದ್ರಪ್ಪ, ಪ್ರಭುದೇವ, ಅವನ ಸೋದರಮಾವ, ಕ್ಯಾಮೆರಾ ತಂದಿದ್ದ ಪ್ರಭುದೇವನ ಒಬ್ಬ ಗೆಳೆಯ, ಕಸ್ತೂರೆವ್ವ. ಕಾರು ನಡೆಸುವವನು ಇಸ್ಮಾಯಿಲಸಾಬ. ಕಸ್ತೂರೆವ್ವ ಹಿಂದಿನ ಸೀಟಿನ ಕಿಟಕಿಯ ಪಕ್ಕ ಕೂತು, ಹೂವು ಬಾಳೆಹಣ್ಣಿನ ಬುಟ್ಟಿಯನ್ನು ತನ್ನ ಮತ್ತು ಗಂಡಸರ ನಡುವೆ ಇಟ್ಟುಕೊಂಡಳು.

ಡಂಬಳದ ಮನೆಯಲ್ಲಿ ಉಪ್ಪಿಟ್ಟು, ಶಿರಾ. ಹುಡುಗಿಗೆ ಹದಿನೆಂಟು. ಸೋದರಮಾವ ಎರಡು ಸಲ ಶಿರಾ ಹಾಕಿಸಿಕೊಂಡರು. ಹೊರಡುವಾಗ ಆ ಮನೆಯವರು ಕಸ್ತೂರೆವ್ವನ ಉಡಿ ತುಂಬಿದರು.

ಅಲ್ಲಿಂದ ಕೆರೆಯ ಏರಿಗೆ ಹೋದರು. ಆ ವರ್ಷ ಕೆರೆ ತುಂಬಿತ್ತು. ಗಾಳಿಗೆ ನೀರು ಸಣ್ಣಗೆ ಮಡಿಕೆ ಬೀಳುತ್ತಿತ್ತು. ಇಷ್ಟು ನೀರನ್ನು ಒಂದೇ ಕಡೆ ನೋಡಿ ಬಹಳ ವರ್ಷವಾಗಿತ್ತು ಎಂದು ಕಸ್ತೂರೆವ್ವ ನಿಂತು ನೋಡುತ್ತಿದ್ದಳು. ಹಿಂದೆ ಟಪ್ ಎಂದು ಸದ್ದಾಯಿತು. ಸೋದರಮಾವ ಅವಳ ಉಡಿಯ ತೆಂಗಿನಕಾಯಿಯನ್ನು ಬುಟ್ಟಿಯಿಂದ ತೆಗೆದು ಏರಿಯ ಕಲ್ಲಿಗೆ ಒಡೆದಿದ್ದರು. ನಾಲ್ವರೂ ಹಂಚಿಕೊಂಡು ತಿಂದರು. ಚಿಪ್ಪನ್ನು ನೀರಿಗೆ ಎಸೆದು, ಅದು ತೇಲುವುದರದೂ ಒಂದು ಚಿತ್ರ ತೆಗೆದರು. ಹುಡುಗಿಯ ತಾಯಿ ಆ ಕಾಯಿಗೆ ಅರಿಷಿಣ ಕುಂಕುಮ ಹಚ್ಚಿ ಕೊಟ್ಟಿದ್ದಳು. ಕಸ್ತೂರೆವ್ವ ಹೋಗಿ ಕಾರಿನಲ್ಲಿ ಕೂತಳು. ಬುಟ್ಟಿಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.

ಮುಂಡರಗಿಯಲ್ಲಿ ಮತ್ತೆ ಉಪ್ಪಿಟ್ಟು, ಮಿರ್ಚಿ ಭಜಿ. ಕಾರು ಊರು ದಾಟುವುದರೊಳಗೆ ಮಾತು ಶುರುವಾಯಿತು. ಡಂಬಳದವಳ ಮೂಗು, ಮುಂಡರಗಿಯವಳ ನಡಿಗೆ, ಭಜಿಗೆ ಉಪ್ಪು ಕಡಿಮೆಯಾದದ್ದು, ಎಲ್ಲ ಒಂದೇ ದನಿಯಲ್ಲಿ. ಎಣ್ಣೆಯ ಕೈಯನ್ನು ಸೀಟಿನ ಬಟ್ಟೆಗೆ ಒರೆಸಿದರು. ಸೋದರಮಾವ ಎಲೆ ಅಡಿಕೆ ಉಗುಳಿದ್ದು ಗಾಳಿಗೆ ತಿರುಗಿ ಹಿಂದಿನ ಕಿಟಕಿಯಿಂದ ಒಳಗೆ ಬಂತು. ಕಸ್ತೂರೆವ್ವ ಸೆರಗಿನಿಂದ ಕೆನ್ನೆ ಒರೆಸಿಕೊಂಡಳು.

ಎರಡರಲ್ಲಿ ಯಾವುದು ಮನಸ್ಸಿಗೆ ಬಂತು ಎಂದು ಗೆಳೆಯ ಪ್ರಭುದೇವನನ್ನು ಕೇಳಿದ. ಪ್ರಭುದೇವ ನಕ್ಕು ಹೊರಗೆ ನೋಡಿದ. ಉತ್ತರ ಕೊಟ್ಟವರು ಸೋದರಮಾವ.

"ಯಾವದೂ ಅಲ್ಲಲೇ. ರಾಣೆಬೆನ್ನೂರಿಂದು ಮಾತು ಮುಗದ ಹದಿನೈದು ದಿನ ಆತು. ಇವು ಬರೇ ಉಪ್ಪಿಟ್ಟಿನ ಮನಿ."

ಖರೆಯೇ ಎಂದು ಕಸ್ತೂರೆವ್ವ ದೇವೇಂದ್ರಪ್ಪನವರನ್ನು ಕೇಳಿದಳು. ಅವರು ಮುಂದಿನ ಸೀಟಿನಿಂದ ಅರ್ಧ ತಿರುಗಿ, ಸಿಟ್ಟಿಲ್ಲದೆ, ತಿಳಿಸಿ ಹೇಳುವವರಂತೆ ಹೇಳಿದರು. ಈ ಮೂರೂ ಮನೆಯವರು ಹಿರಿಯರ ಕಡೆಯಿಂದ ಹೇಳಿಕಳಿಸಿ ವರ್ಷವಾಗಿತ್ತು. ನೋಡದೇ ಬೇಡವೆಂದರೆ ಅವರಿಗೆ ಅವಮಾನ. ನೋಡಿ ಬೇಡವೆಂದರೆ ಅದು ನಡೆದುಬಂದ ರೀತಿ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಹೇಗೂ ಹುಡುಗರು ಕೆರೆ ನೋಡಬೇಕು ಅನ್ನುತ್ತಿದ್ದರು, ಕಾರು ಆ ಕಡೆಗೇ ಬರುವುದಿತ್ತು. ತನ್ನನ್ನು ಏಕೆ ಕರೆತಂದಿರಿ ಎಂದು ಕಸ್ತೂರೆವ್ವ ಕೇಳಲಿಲ್ಲ. ಅವಳಿಗೆ ತಿಳಿದಿತ್ತು. ಅವಳು ಕಾರಿನಲ್ಲಿ ಇರದಿದ್ದರೆ ಆ ಮನೆಗಳಲ್ಲಿ ಯಾರಾದರೂ ಸಂಶಯಪಡುತ್ತಿದ್ದರು.

ಕಾರು ನಿಲ್ಲಿಸಲು ಹೇಳಿ, ಇಳಿದು, ಜಾಲಿಯ ಮರೆಗೆ ಹೋಗಿ ಎರಡು ಮನೆಯ ಉಪ್ಪಿಟ್ಟನ್ನೂ ಕಾರಿದಳು. ಕಾರು ರೂಢಿಯಿಲ್ಲ, ಪಾಪ, ಎಂದು ಒಳಗಿನವರು ಲಿಂಬೆಹಣ್ಣು ಹುಡುಕುತ್ತಿದ್ದರು. ಇಸ್ಮಾಯಿಲಸಾಬ ಇಂಜಿನ್ನಿಗೆಂದು ಇಟ್ಟಿದ್ದ ಡಬ್ಬಿಯಿಂದ ಅವಳ ಕೈಗೆ ನೀರು ಹಾಕಿದ.

"ನನಗೂ ಗೊತ್ತಿರಲಿಲ್ಲ, ಅವ್ವಾರ," ಎಂದ ಮೆಲ್ಲಗೆ.

ಶಿರಹಟ್ಟಿಯ ಮನೆ ಫಕ್ಕೀರಪ್ಪನದು. ಒಂದು ಎತ್ತಿನ ಜೋಡಿ, ಸಾಧಾರಣ ಹೊಲ. ಮಗಳು ಅನ್ನಪೂರ್ಣ ಹತ್ತನೆಯ ಇಯತ್ತೆ ಪಾಸಾಗಿದ್ದಳು. ಪಡಸಾಲೆಯಲ್ಲಿ ಹೊಸ ಜಮಖಾನೆ ಹಾಸಿತ್ತು. ಮೂಲೆಯಲ್ಲಿ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು. ಹುಡುಗಿ ಬಂದು ಕೂತಾಗ ಕಸ್ತೂರೆವ್ವನ ಕೈ ಬುಟ್ಟಿಗೆ ಹೋಯಿತು, ಹೂವು ಮುಡಿಸಿತು. ಐವತ್ತಾರು ಸಲ ಮಾಡಿದ ಕೆಲಸ, ಕೈ ತಾನೇ ಮಾಡಿಬಿಟ್ಟಿತು ಎಂದು ಅವಳು ಆಮೇಲೆ ಹೇಳುತ್ತಿದ್ದಳು. ಹೇಳುವಾಗಲೆಲ್ಲ ಬಲಗೈಯನ್ನು ಎಡಗೈಯಿಂದ ಮುಚ್ಚಿಕೊಳ್ಳುತ್ತಿದ್ದಳು.

ಅಡುಗೆಮನೆಯಲ್ಲಿ ತಾಯಿ ಮಂಜವ್ವ ಹೋಳಿಗೆ ಬೇಯಿಸುತ್ತ ಎಲ್ಲವನ್ನೂ ಹೇಳಿದಳು. ಶಿಗ್ಲಿಯಿಂದ ಒಂದು ಸಂಬಂಧ ಬಂದಿದೆ. ಹುಡುಗ ಕನ್ನಡ ಶಾಲೆಯ ಮಾಸ್ತರ. ತಾಯಿಮಗ ಬಂದು ಹುಡುಗಿಯನ್ನು ನೋಡಿ, ಒಪ್ಪಿ, ಸೋಮವಾರದೊಳಗೆ ನಿಮ್ಮ ಮಾತು ತಿಳಿಸಿ ಎಂದು ಹೋಗಿದ್ದಾರೆ. ಮಾಸ್ತರನಿಗೆ ಇನ್ನೊಂದು ಕಡೆಯೂ ಕೇಳುತ್ತಿದ್ದಾರೆ. ಅಷ್ಟರಲ್ಲಿ ಗದಗಿನ ಅಡತಿ ಅಂಗಡಿಯವರು ಬರುತ್ತಾರೆ, ಜೊತೆಗೆ ಕಸ್ತೂರೆವ್ವ ಬರುತ್ತಾಳೆ ಎಂದು ಸುದ್ದಿ ಬಂತು. ಫಕ್ಕೀರಪ್ಪ ಶಿಗ್ಲಿಗೆ ಉತ್ತರ ಕಳಿಸದೆ ಹನ್ನೊಂದು ದಿನ ತಡೆದ. ಸೋಮವಾರವೆಂದರೆ ನಾಳೆ. ನೀವು ಎಂಟು ದಿನದೊಳಗೆ ಹೇಳುತ್ತೀರಿ ಎಂಬುದು ಗೊತ್ತು, ಆದರೆ ಈ ಸಲ ಒಂದಿಷ್ಟು ಜಲ್ದಿ ಹೇಳಿಸಿದರೆ ಉಪಕಾರವಾಗುತ್ತದೆ ಎಂದಳು ಮಂಜವ್ವ.

ಪಡಸಾಲೆಯಿಂದ ಸೋದರಮಾವ ತುಪ್ಪ ಕೇಳಿದ್ದು ಕೇಳಿಸಿತು.

ಕಸ್ತೂರೆವ್ವ ಎದ್ದು ಹೊರಗೆ ಬಂದಳು. ಫಕ್ಕೀರಪ್ಪ ತುಪ್ಪದ ಗಿಂಡಿ ಹಿಡಿದು ಬಗ್ಗಿದ್ದ.

"ಫಕ್ಕೀರಪ್ಪ, ಬಡಸೂದು ಬಿಡು. ಈ ಹುಡುಗಂದು ರಾಣೆಬೆನ್ನೂರಾಗ ಮಾತು ಮುಗದೈತಿ. ಇವರು ಕೆರಿ ನೋಡಾಕ ಬಂದಾರ. ಶಿಗ್ಲಿಯವರಿಗೆ ಇವತ್ತ ಹೂಂ ಅನ್ನು."

ಪ್ರಭುದೇವ ತಾಟಿನತ್ತ ನೋಡುತ್ತ ಕೂತ. ದೇವೇಂದ್ರಪ್ಪ ಬಾಯಲ್ಲಿದ್ದ ತುತ್ತನ್ನು ಪೂರ್ತಿ ಅಗಿದು ನುಂಗಿ, ನೀರು ಕುಡಿದು, ಆಮೇಲೆ ಮಾತಾಡಿದರು.

"ಕಸ್ತೂರೆವ್ವ, ಚನ್ನಬಸವಣ್ಣ ಯಾರ ಗಾದಿ ಮ್ಯಾಲೆ ಕುಂಡ್ರತಾನ ಅನ್ನೂದು ನೆನಪೈತಿಲ್ಲೊ?"

"ನೆನಪೈತ್ರಿ ಧಣ್ಯಾರ. ಅದಕ್ಕ ಮುಂಡರಗಿಯಿಂದ ಇಲ್ಲೀತನಾ ಬಾಯಿ ಮುಚ್ಚಿಕೊಂಡ ಬಂದೆ."

ಅವರು ಎದ್ದರು. ಕೈ ತೊಳೆಯಲು ನೀರು ಕೇಳಿದರು, ಫಕ್ಕೀರಪ್ಪ ಕೊಟ್ಟ. ಸೋದರಮಾವ ಅರ್ಧ ತಿಂದ ಹೋಳಿಗೆಯನ್ನು ಕೈಯಲ್ಲೇ ಹಿಡಿದುಕೊಂಡು ಕಾರು ಹತ್ತಿದರು. ಈ ಸಂಗತಿಯನ್ನು ಇಸ್ಮಾಯಿಲಸಾಬನೂ ನನಗೆ ಪ್ರತ್ಯೇಕವಾಗಿ ಹೇಳಿದ್ದಾನೆ, ಆದ್ದರಿಂದ ಬರೆದಿದ್ದೇನೆ. ಕಸ್ತೂರೆವ್ವನನ್ನು ಅಲ್ಲೇ ಬಿಟ್ಟು ಕಾರು ಮಾಗಡಿಯ ಕಡೆಗೆ ಹೋಯಿತು.

ಮಂಜವ್ವ ಉಪಕಾರವನ್ನೇನೂ ಸ್ಮರಿಸಲಿಲ್ಲ. ಬಾಗಿಲಲ್ಲಿ ನಿಂತು ಕೇಳಿದಳು: "ನಿಮಗ ಹಾದ್ಯಾಗ ಗೊತ್ತಾಗಿತ್ತು. ಗೊತ್ತಿದ್ದೂ ನನ್ನ ಮಗಳ ತಲಿಗೆ ಹೂವು ಮುಡಿಸಿದ್ರಿ?"

ಅನ್ನಪೂರ್ಣ ಹೂವು ತೆಗೆದು ತಾಯಿಯ ಕೈಗೆ ಕೊಟ್ಟು ಒಳಗೆ ಹೋದಳು. ಅವಳು ಅಳುತ್ತಿರಲಿಲ್ಲ. ಅಂದು ಬೆಳಗಿನಿಂದ ಕಂಡ ಎಲ್ಲ ಹೇಸಿಗೆಗಿಂತ ಆ ಹೊತ್ತು ತನ್ನ ಮೇಲೆಯೇ ಹುಟ್ಟಿದ ಹೇಸಿಗೆ ದೊಡ್ಡದಾಗಿತ್ತು ಎಂದು ಕಸ್ತೂರೆವ್ವ ಹೇಳಿದ್ದುಂಟು.

ಇನ್ನೊಂದು ತೊಡಕಿತ್ತು. ಕಾರು ಬಂದ ಸುದ್ದಿ ಆಗಲೇ ಊರು ದಾಟಿತ್ತು. ದೊಡ್ಡ ಮನೆಯವರು ಬೇಡವೆಂದ ಮೇಲೆ ನಮ್ಮ ಬಾಗಿಲಿಗೆ ಬಂದರು ಎಂದು ಶಿಗ್ಲಿಯವರು ತಿಳಿದರೆ ಅದೂ ಮುರಿಯುತ್ತಿತ್ತು. ಶಿಗ್ಲಿಗೆ ನಾನೂ ಬರುತ್ತೇನೆ ಎಂದು ಕಸ್ತೂರೆವ್ವ ಹೊರಟಳು. ಫಕ್ಕೀರಪ್ಪ ಮುಂದೆ ನಡೆದ. ಇಬ್ಬರೂ ಲಕ್ಷ್ಮೇಶ್ವರದ ಬಸ್ಸು ಹತ್ತಿದರು.

ಬಸ್ಸು ಮಾಗಡಿಯ ಕೆರೆಯ ಪಕ್ಕದಲ್ಲೇ ಹೋಗುತ್ತದೆ. ಏರಿಯ ಕೆಳಗೆ ಕಾರು ನಿಂತಿತ್ತು. ನೀರಿನ ಮೇಲೆ ಬೂದುಬಣ್ಣದ ಹಕ್ಕಿಗಳು ಕೂತಿದ್ದವು, ನೂರಾರು. ಸೋದರಮಾವ ಕಲ್ಲು ಎಸೆಯುತ್ತಿದ್ದರು, ಗೆಳೆಯ ಕ್ಯಾಮೆರಾ ಹಿಡಿದು ಹಕ್ಕಿ ಏಳುವುದನ್ನು ಕಾಯುತ್ತಿದ್ದ. ಕಸ್ತೂರೆವ್ವ ನೋಡಲೆಂದು ಹೊರಟಿದ್ದ ಕೆರೆಯನ್ನು ಕಂಡದ್ದು ಅಷ್ಟೇ. ಫಕ್ಕೀರಪ್ಪ ಇನ್ನೊಂದು ಬದಿಯ ಹೊಲ ನೋಡುತ್ತ ಕೂತಿದ್ದ.

ಲಕ್ಷ್ಮೇಶ್ವರದಲ್ಲಿ ಬಸ್ಸು ಬದಲಿಸಿ ಶಿಗ್ಲಿ ಮುಟ್ಟಿದಾಗ ಐದು ಗಂಟೆ. ಮಾಸ್ತರನ ತಾಯಿ ಮುದುಕವ್ವ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. ಮೊರ ಕೆಳಗಿಡಲಿಲ್ಲ.

"ಬರ್ರಿ, ಕುಂಡ್ರಿ. ಬಸ್ಸಿನ್ಯಾಗ ಬಂದ್ರೇನು? ನಿಮ್ಮ ಮನಿ ಮುಂದ ಕಾರ್ ನಿಂತಿತ್ತಂತ ಕೇಳಿದ್ದೆ."

ಕಸ್ತೂರೆವ್ವ ಎಲ್ಲವನ್ನೂ ಬೆಳಗಿನಿಂದ ಕ್ರಮವಾಗಿ ಹೇಳಿದಳು. ತೆಂಗಿನಕಾಯಿ, ಜಾಲಿಯ ಮರೆ, ಹೂವು, ಒಂದನ್ನೂ ಬಿಡಲಿಲ್ಲ. ತಪ್ಪು ಹುಡುಗಿಯದಲ್ಲ, ತನ್ನನ್ನು ನಂಬಿ ಅವರು ತಡೆದರು ಎಂದಳು. ಮುದುಕವ್ವ ಕೇಳುತ್ತ ಮೊರದಿಂದ ಕಲ್ಲು ಆರಿಸಿ ಬೀಸಾಡುತ್ತಿದ್ದಳು. ಮುಗಿದ ಮೇಲೆ ಫಕ್ಕೀರಪ್ಪನ ಕಡೆ ತಿರುಗಿದಳು.

"ಒಂದು ಮಾತು ಕೇಳ್ತೇನಿ, ಖರೆ ಹೇಳಪಾ. ಆ ಕಾರಿನವರು ಹೂಂ ಅಂದಿದ್ರ ನೀ ನಮ್ಮ ಮನಿಗೆ ಬರತಿದ್ದೇನು?"

ಫಕ್ಕೀರಪ್ಪ ನೆಲ ನೋಡುತ್ತ ಹೇಳಿದ.

"ಇಲ್ಲವ್ವ. ಬರತಿರಲಿಲ್ಲ."

ಮುದುಕವ್ವ ಆಗ ಮೊರ ಕೆಳಗಿಟ್ಟಳು. "ಬರತಿದ್ದೆ ಅಂದಿದ್ರ ಬರೇ ಚಹಾ ಕುಡಿಸಿ ಕಳಸತಿದ್ದೆ," ಎಂದು, ಒಳಗಿದ್ದ ಮಗನನ್ನು ಕರೆದಳು.

ಮಾಸ್ತರ ಬಂದು ಬಾಗಿಲಿಗೆ ಒರಗಿ ನಿಂತ. ಎಲ್ಲವನ್ನೂ ಒಳಗಿನಿಂದ ಕೇಳಿದ್ದ. ಅನ್ನಪೂರ್ಣಳನ್ನೂ ಒಂದು ಮಾತು ಕೇಳಿದ್ದೀರಾ, ಅವಳಿಗೆ ಈಗಲೂ ಮನಸ್ಸಿದೆಯೇ ಎಂದ. ಕೇಳಿಲ್ಲ ಎಂದು ಫಕ್ಕೀರಪ್ಪ ಒಪ್ಪಿಕೊಂಡ. ಮರುದಿನ ಮಾಸ್ತರ ಶಾಲೆಗೆ ರಜೆ ಹಾಕಿ ತಾನೇ ಶಿರಹಟ್ಟಿಗೆ ಹೋಗಿ, ತಂದೆತಾಯಿಯ ಎದುರಿಗೇ ಅವಳನ್ನು ಕೇಳಿದ. ಅವಳು ಹೂಂ ಅಂದಳು. ಫೆಬ್ರುವರಿಯಲ್ಲಿ ಮದುವೆಯಾಯಿತು. ಮಂಜವ್ವ ಕಸ್ತೂರೆವ್ವನಿಗೆ ಲಗ್ನಪತ್ರಿಕೆ ಕಳಿಸಲಿಲ್ಲ. ಫಕ್ಕೀರಪ್ಪ ಕಳಿಸಿದ. ಕಸ್ತೂರೆವ್ವ ಹೋಗಲಿಲ್ಲ.

ಸೋಮವಾರ ಚನ್ನಬಸವಣ್ಣ ಅಂಗಡಿಗೆ ಹೋದಾಗ ಅವನ ಜಾಗದಲ್ಲಿ ಬೇರೊಬ್ಬ ಕೂತಿದ್ದ. ಅವನು ಮನೆಗೆ ಬಂದು ಅಂಗಿ ಗೂಟಕ್ಕೆ ಹಾಕಿ, ನನ್ನನ್ನು ಒಂದು ಮಾತು ಕೇಳಬೇಕಿತ್ತು ಎಂದ. ಕೇಳಿದ್ದರೆ ನೀವು ಬೇಡ ಅನ್ನುತ್ತಿದ್ದಿರಿ ಎಂದಳು ಹೆಂಡತಿ. ಹೌದು ಎಂದ. ಮೂರು ತಿಂಗಳ ನಂತರ ಬೆಟಗೇರಿಯ ನೂಲಿನ ಅಂಗಡಿಯೊಂದರಲ್ಲಿ ಅವನಿಗೆ ಕೆಲಸ ಸಿಕ್ಕಿತು. ಆ ಮೂರು ತಿಂಗಳು ಅವರ ಮನೆಯಲ್ಲಿ ಬೇಳೆ ಬೇಯುವ ದಿನಗಳು ಕಡಿಮೆಯಾಗಿದ್ದವು. ಗೋಡೆಯಾಚೆಗಿನ ಮನೆ ನಮ್ಮದು, ವಾಸನೆಯಿಂದಲೇ ಅದು ನಮಗೆ ತಿಳಿಯುತ್ತಿತ್ತು.

ಆ ವಾರವೇ ಕಸ್ತೂರೆವ್ವ ಉಳಿದ ಎರಡು ಮನೆಗೂ ಬಸ್ಸಿನಲ್ಲಿ ಹೋಗಿ ನಡೆದದ್ದನ್ನು ಹೇಳಿದಳು. ಡಂಬಳದವರು ಚಹಾ ಕೊಟ್ಟರು. ಮುಂಡರಗಿಯಲ್ಲಿ ಹುಡುಗಿಯ ಅಜ್ಜಿ ಓಣಿಗೆಲ್ಲ ಕೇಳುವಂತೆ ಬೈದಳು. ಕಸ್ತೂರೆವ್ವ ಅಂಗಳದಲ್ಲಿ ನಿಂತು ಪೂರ್ತಿ ಕೇಳಿಸಿಕೊಂಡು, ಮುಗಿದ ಮೇಲೆ ಹೊರಟಳು.

ಕನ್ಯೆ ನೋಡಲು ಹೋಗುವುದನ್ನು ಅವಳು ಬಿಡಲಿಲ್ಲ. ಆದರೆ ಕರೆಯಲು ಬಂದವರಿಗೆ ಮೊದಲು ಹುಡುಗನನ್ನು ಕಳಿಸಿ ಎನ್ನುತ್ತಿದ್ದಳು. ಅವನನ್ನು ಎದುರಿಗೆ ಕೂರಿಸಿ, ಬೇರೆ ಎಲ್ಲಿಯೂ ಮಾತು ಮುಗಿದಿಲ್ಲ ಎಂದು ಕೊರಳಿನ ಲಿಂಗ ಮುಟ್ಟಿ ಹೇಳು ಎನ್ನುತ್ತಿದ್ದಳು. ಹೇಳದೆ ಎದ್ದುಹೋದವರು, ನನಗೆ ಗೊತ್ತಿರುವ ಮಟ್ಟಿಗೆ, ಮೂವರು.