ಅದ್ದಿಯ ಕೇಕು

ಕನ್ನಡ ಟೀಚರ್ ಕೆಲಸದಿಂದ ರಿಟೈರಾಗಿ, ಚಾಮರಾಜಪುರಂನ ಮನೆಯಲ್ಲೇ ಕೇಕ್ ಮಾಡಿಕೊಡಲು ಶುರುಮಾಡಿದ ಮೇಲೂ ಅಕ್ಷರ ತಪ್ಪು ಕಂಡರೆ ತಿದ್ದುವ ಚಟ ನನ್ನನ್ನು ಬಿಟ್ಟಿಲ್ಲ. ಶ್ರೀರಾಂಪುರದ ಹೆಂಗಸೊಬ್ಬರು ಮೊಮ್ಮಗಳ ಮೂರನೇ ಹುಟ್ಟುಹಬ್ಬಕ್ಕೆ ಏಲಕ್ಕಿ ಕೇಕ್ ಆರ್ಡರ್ ಮಾಡಿ, ಮೇಲೆ ಬರೆಯಬೇಕಾದ್ದನ್ನು ಚೀಟಿಯಲ್ಲಿ ಕೊಟ್ಟಿದ್ದರು: ‘ಪುಟ್ಟಿಗೆ, ಅದ್ದಿಯಿಂದ’. ಪಾಪ, ಅವಸರದಲ್ಲಿ ತಪ್ಪಿರಬೇಕು ಅಂದುಕೊಂಡು ನಾನು ಕ್ರೀಮಿನಲ್ಲಿ ದುಂಡಗೆ ‘ಅಜ್ಜಿಯಿಂದ’ ಎಂದು ಬರೆದೆ.

ಸಂಜೆ ಬಂದವರು ಡಬ್ಬ ತೆರೆದು, ಬಗ್ಗಿ ಆ ಅಕ್ಷರಗಳನ್ನು ಎರಡೆರಡು ಸಲ ಓದಿದರು.

“ಒಂದಕ್ಷರ ತಪ್ಪಿತ್ತು ಕಣ್ರೀ, ತಿದ್ದಿದೀನಿ,” ಅಂದೆ, ಶಹಭಾಸ್‌ಗಿರಿಗೆ ಕಾಯುತ್ತಾ.

“ತಪ್ಪಲ್ಲ ಕಣಮ್ಮ. ಮೊಮ್ಮಗಳು ನನ್ನ ಕರೀತಿದ್ದಿದ್ದೇ ಅದ್ದಿ ಅಂತ. ಹೋದ್ವಾರ ಇದ್ದಕ್ಕಿದ್ದಂಗೆ ಅಜ್ಜಿ ಅಂದ್ಬುಟ್ಲು. ಮನೇವ್ರೆಲ್ಲ ಚಪ್ಪಾಳೆ ತಟ್ಟಿದ್ರು, ನಾನೂ ತಟ್ಟಿದೆ. ಆವತ್ತಿಂದ ನನ್ನ ಅದ್ದಿ ಅನ್ನೋರೇ ಇಲ್ಲ. ಕೇಕ್ ಮೇಲಾದ್ರೂ ಇನ್ನೊಂದ್ಸಲ ಇರ್ಲಿ ಅಂತ ಬರೆದಿದ್ದೆ.”

ನಾನು ಒಳಗೆ ಹೋಗಿ ಚಾಕುವಿನ ತುದಿಯಲ್ಲಿ ‘ಜ್ಜಿ’ಯನ್ನು ಕೆರೆದು ತೆಗೆದೆ. ಆ ಜಾಗದಲ್ಲಿ ‘ದ್ದಿ’ ಬರೆದೆ. ಗೊತ್ತಿದ್ದೂ ಗೊತ್ತಿದ್ದೂ ತಪ್ಪು ಬರೆದದ್ದು ಜನ್ಮದಲ್ಲಿ ಅದೇ ಮೊದಲು. ಅವರು ಅದನ್ನು ಬಾಯಿಬಿಟ್ಟು ಒಮ್ಮೆ ಓದಿಕೊಂಡರು. ಆಮೇಲೆ ಡಬ್ಬವನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಮೆಟ್ಟಿಲಿಳಿದರು.

ಅಡುಗೆಮನೆಯಲ್ಲಿ ಏಲಕ್ಕಿ ಘಮ ಇನ್ನೂ ಹೋಗಿರಲಿಲ್ಲ. ನನ್ನ ಮಗಳೂ ಚಿಕ್ಕವಳಿದ್ದಾಗ ಕೇಕಿಗೆ ಏನೋ ಒಂದು ಅನ್ನುತ್ತಿದ್ದಳು. ಎಷ್ಟು ಯೋಚಿಸಿದರೂ ಆ ಮಾತು ನೆನಪಿಗೆ ಬರಲಿಲ್ಲ. ಒಂದೇ ದಿನದಲ್ಲಿ ತಿದ್ದಿಬಿಟ್ಟೆ ಎಂದು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡದ್ದು ಮಾತ್ರ ಚೆನ್ನಾಗಿ ನೆನಪಿದೆ.