ಮಗಳು ಬಿದ್ದಳೆಂದು ಓಡಿದೆ

ಕೆನ್ನೆಯನ್ನು ನೆಲಕ್ಕೊತ್ತಿ ಕಾಲು ಮೇಲೆತ್ತಿದ ಮಗಳು ಅಲುಗಾಡಲೇ ಇಲ್ಲ. ಕತ್ತಿಗೆ ಏನೋ ಆಯಿತೆಂದು ಜೀವ ಬಾಯಿಗೆ ಬಂತು. ಹಲಸೂರಿನ ಆ ಹಾಲ್‌ನಲ್ಲಿ ಸುತ್ತ ನಿಂತಿದ್ದವರನ್ನು ತಳ್ಳಿಕೊಂಡು ಓಡಿ ಅವಳ ಹೆಗಲು ಹಿಡಿದೆ. ಅವಳು ಪಕ್ಕಕ್ಕೆ ಉರುಳಿದಳು.

“ಅಮ್ಮಾ, ನಾನು ಬಿದ್ದಿಲ್ಲ. ಅದು ಫ್ರೀಜ್, ಹಾಗೇ ನಿಲ್ಬೇಕು,” ಎಂದಳು, ಅಳು ನುಂಗಿಕೊಂಡು.

ಬ್ರೇಕ್‌ಡಾನ್ಸ್ ಬ್ಯಾಟಲ್‌ನಲ್ಲಿ ಅವಳ ಕೊನೆಯ ಸರದಿಯನ್ನು ನಾನೇ ಕೆಡಿಸಿದ್ದೆ. ಅಲ್ಲಿಯವರೆಗೂ ಕೈಸನ್ನೆಯಲ್ಲೇ ಅವಳನ್ನು ಅಣಕಿಸುತ್ತಿದ್ದ ಎದುರಾಳಿ ಹುಡುಗ ತೀರ್ಪುಗಾರರ ಕಡೆ ತಿರುಗಿದ. “ಸರ್, ಅವಳು ಇನ್ನೊಂದ್ಸಲ ಮಾಡ್ಲಿ. ಆಂಟಿಗೆ ಗೊತ್ತಾಗ್ಲಿಲ್ಲ.”

ಅವರು ಒಪ್ಪಿದರು. ಮಗಳು ಮತ್ತೆ ತಲೆಕೆಳಗಾದಳು. ನಾನು ವ್ಯಾನಿಟಿ ಬ್ಯಾಗನ್ನು ಎದೆಗೊತ್ತಿಕೊಂಡು ಕೂತೆ. ಅವಳು ಅಲುಗದೆ ನಿಂತಷ್ಟು ಹೊತ್ತೂ ನಾನೂ ಅಲುಗಲಿಲ್ಲ.