ಹೃದಯ ಬಲಕ್ಕಿದ್ದ ಮಲ್ಲಮ್ಮ

ರಾಯಚೂರಿಗೆ ಬಂದ ಒಂಬತ್ತನೆಯ ದಿನ ನಾನು ತೆಗೆದ ಇಸಿಜಿಯ ಗೆರೆಗಳು ತಲೆಕೆಳಗಾಗಿ ಬಂದವು. ಎಡಗೈ, ಬಲಗೈ ತಂತಿಗಳು ಅದಲುಬದಲಾಗಿರಬೇಕೆಂದು ಬಿಚ್ಚಿ ಮತ್ತೆ ಹಾಕಿದೆ. ಹಾಗೇ ಬಂತು. ಮೂರನೆಯ ಸಲವೂ ಅದೇ. ಕೊಳ್ಳೇಗಾಲದಲ್ಲಿ ನಾಲ್ಕು ವರ್ಷ ಇದೇ ಕೆಲಸ ಮಾಡಿದವಳಿಗೆ, ಊರು ಬದಲಾದ ಮಾತ್ರಕ್ಕೆ ಕೈಯೇ ಮರೆತುಹೋಯಿತೇ ಎನ್ನಿಸಿತು.

ಮಂಚದ ಮೇಲೆ ಮಲಗಿದ್ದವಳು ದೇವದುರ್ಗದ ಮಲ್ಲಮ್ಮ, ಒಂಬತ್ತು ವರ್ಷದ ಹುಡುಗಿ. ಓಡಿದರೆ ಏದುಸಿರು ಬರುತ್ತದೆಂದು ಶಾಲೆಯ ತಪಾಸಣೆಯಲ್ಲಿ ನಮ್ಮ ಹೃದಯದ ಕ್ಲಿನಿಕ್ಕಿಗೆ ಕಳಿಸಿದ್ದರು. ಪಕ್ಕದಲ್ಲಿ ಅವಳ ತಾಯಿ ಹುಲಿಗೆಮ್ಮ ನಿಂತಿದ್ದಳು, ಅಂಗನವಾಡಿಯ ಸಹಾಯಕಿ.

"ಯಕ್ಕಾ, ಮಶಿನ್ ಕೆಟ್ಟದ ಏನ್ರಿ?"

"ಇಲ್ಲಮ್ಮ, ನಾನೇ ಏನೋ ತಪ್ಪು ಮಾಡ್ತಿದ್ದೀನಿ."

ಹುಡುಗಿ ಕೆಮ್ಮಿದಳು. ಎದೆಯಾಳದಿಂದ ಬಂದ, ಕಫ ತುಂಬಿದ ಕೆಮ್ಮು. "ಹುಟ್ಟಿದಾಗಿಂದ ಹಿಂಗ ಅದರಿ," ಎಂದಳು ಹುಲಿಗೆಮ್ಮ. "ಬ್ಯಾಸಿಗಿ ಇಲ್ಲ, ಮಳಿ ಇಲ್ಲ. ಟಿಬಿ ಗುಳಿಗಿ ಆರು ತಿಂಗಳ ನುಂಗಿಸೀವಿ." ಚೀಲದಿಂದ ಹಳೆಯ ಎಕ್ಸ್‌ರೇ ತೆಗೆದು ಕೊಟ್ಟಳು. ಅದನ್ನು ಬೆಳಕಿಗೆ ಹಿಡಿದೆ. ಹೃದಯ ಎಲ್ಲಿರಬೇಕೋ ಅಲ್ಲೇ ಇತ್ತು. ಎಡಬಲದ ಗುರುತಿಗೆಂದು ಮೂಲೆಯಲ್ಲಿದ್ದ ಅಕ್ಷರ ಮಾತ್ರ ಕನ್ನಡಿಯಲ್ಲಿ ಕಂಡಂತೆ ತಿರುಗಿತ್ತು. ಹಾಳೆಯನ್ನು ಮಗುಚಿದೆ. ಅಕ್ಷರ ನೆಟ್ಟಗಾಯಿತು, ಹೃದಯ ಬಲಕ್ಕೆ ಹೋಯಿತು. ಇಷ್ಟು ವರ್ಷ ನೋಡಿದವರೆಲ್ಲ ಅದನ್ನು ಉಲ್ಟಾ ಹಿಡಿದೇ ನೋಡಿದ್ದರೇನೋ.

ಈ ನಾಡಿನ ಭಾಷೆಯೂ ಕನ್ನಡವೇ ಎಂದು ನಾನು ನಿಶ್ಚಿಂತೆಯಿಂದ ಬಂದಿದ್ದೆ. ಮೊದಲ ವಾರ ರೋಗಿಗಳು "ಆರಾಮಿಲ್ರಿ" ಎಂದಾಗ, ಪಾಪ ಇವರಿಗೆ ಬಿಡುವಿಲ್ಲವೇನೋ ಎಂದುಕೊಂಡೆ. ಇಲ್ಲಿ ಹಾಗೆಂದರೆ ಹುಷಾರಿಲ್ಲ ಎಂದರ್ಥ. ನನ್ನ ಕೋಣೆಯ ಮಾಲಕಿ ಖೈರುನ್ನೀಸಾ ಅವರನ್ನು ಓಣಿಯೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತದೆ. ಮನೆಯೊಳಗೆ ಅವರದು ದಖ್ಖನಿ ಉರ್ದು, ನನ್ನೊಡನೆ ಕನ್ನಡ. ಮುದ್ದೆ ಸಿಗದೆ ನಾನು ಮುಖ ಸಣ್ಣದು ಮಾಡಿಕೊಂಡಿದ್ದರೆ ಜೋಳದ ರೊಟ್ಟಿ, ಹುಳಿ ಹುಳಿ ಪುಂಡಿಪಲ್ಯ ತಂದಿಡುತ್ತಿದ್ದರು. "ಉಣ್ಣು ಬೇಟಾ. ನಾಲಿಗಿಗೆ ಯಾವ ಊರು ಇರತದ?" ನನ್ನ ನಾಲಿಗೆಗೆ ಇತ್ತು. ಒಂದು ತಿಂಗಳು ಹಠ ಹಿಡಿಯಿತು.

ಮಲ್ಲಮ್ಮನ ಹೃದಯದಲ್ಲಿ ರಂಧ್ರವೂ ಇರುವುದು ಸ್ಕ್ಯಾನಿಂಗಿನಲ್ಲಿ ತಿಳಿಯಿತು. ಮಾನ್ವಿ ಕಡೆಯವರಾದ ನಮ್ಮ ಡಾಕ್ಟರು ತಾಯಿಯನ್ನು ಕೂರಿಸಿಕೊಂಡು ಹೇಳಿದರು:

"ಕೂಸು ಹೊಟ್ಟಿಯೊಳಗ ಎಳ್ಳಿನಷ್ಟೂ ಇರಂಗಿಲ್ಲವಾ, ಆಗ ಕಣ್ಣಿಗಿ ಕಾಣದಂಥ ರೋಮ ತಿರುಗಿ ಸುತ್ತಲಿನ ನೀರು ಎಡಕ್ಕ ತಳ್ಳತಾವ. ಅದರಿಂದ ಮೈಗಿ ಎಡ ಯಾವುದು, ಬಲ ಯಾವುದು ಗೊತ್ತಾಗತದ. ಅಂಥವೇ ರೋಮ ಉಸಿರಿನ ಕೊಳವ್ಯಾಗ ಭತ್ತದ ಪೈರು ಗಾಳಿಗಿ ಬಾಗಿದಂಗ ಬಾಗಿ ಕಫ ಹೊರಗ ದಬ್ಬತಾವ. ರೋಮ ಕಟ್ಟೋ ಜೀನಿನಾಗ ಊನ ಇದ್ರ ಎರಡೂ ಕಡೆ ತೊಂದರಿ ಬರಬಹುದು. ಎಡಬಲ ಗೊಂದಲಾದಲ್ಲಿ ಹೃದಯ ಸರಿ ಕೂಡದಿರೋದೂ ಉಂಟು."

ಕೆಮ್ಮು ಒಂದು ರೋಗ, ಹೃದಯ ಇನ್ನೊಂದು ಎಂದು ನಾನೂ ತಿಳಿದಿದ್ದೆ. ಹುಲಿಗೆಮ್ಮ ಕೇಳಿದ್ದು ಬೇರೆಯದನ್ನು.

"ಇದು ಯಾರ ಕಡಿಯಿಂದ ಬಂತ್ರಿ?"

"ಇಬ್ಬರ ಕಡಿಯಿಂದನೂ ಬಂದಿರಬೇಕು. ಬರೀ ಒಬ್ಬರಿಂದ ಬಂದ್ರ ಸಾಮಾನ್ಯವಾಗಿ ರೋಗ ಕಾಣಂಗಿಲ್ಲ."

"ನಮಗ ಎರಡು ಕಡಿ ಎಲ್ಲಿ ಅದಾವ್ರಿ? ನಮ್ಮತ್ತಿನೇ ನಮ್ಮವ್ವನ ಅವ್ವ."

ಮಲ್ಲಟದಲ್ಲಿ ಹುಟ್ಟಿದ ಅವಳನ್ನು ದೇವದುರ್ಗದ ಸೋದರಮಾವನಿಗೇ ಕೊಟ್ಟಿದ್ದರು. ಅದನ್ನು ಬರೆದುಕೊಳ್ಳುವಾಗ ನನ್ನ ಮನೆಯ ನೆನಪಾಯಿತು. ಕೊಳ್ಳೇಗಾಲದಲ್ಲಿ ನನ್ನವ್ವ ತನ್ನ ತಮ್ಮ ನಾಗರಾಜನಿಗೆ ನನ್ನನ್ನು ಕೊಡಬೇಕೆಂದು ಕಾದಿದ್ದಳು. ಒಂದು ವರ್ಷ ಯೋಚಿಸಲು ಬಿಡು ಎಂದು ಹೇಳಿಯೇ ನಾನು ಇಷ್ಟು ದೂರದ ಕೆಲಸ ಹಿಡಿದಿದ್ದೆ. ಸಂಜೆ ಡಾಕ್ಟರನ್ನು ಕೇಳಿದೆ. "ಸಂಬಂಧದಾಗ ಮದುವಿ ಆದವರ ಮಕ್ಕಳು ಬಹಳ ಮಂದಿ ಆರಾಮ ಇರತಾರ. ಅಪಾಯ ಜಾಸ್ತಿ ಅಷ್ಟ," ಎಂದರು. ಆ 'ಅಷ್ಟ' ಎಂಬುದು ಎಷ್ಟೆಂದು ನನಗೆ ತಿಳಿಯಲಿಲ್ಲ.

ಮಲ್ಲಮ್ಮನ ರಕ್ತ ಪರೀಕ್ಷೆಗೆ ಹೋಯಿತು. ಎರಡು ತಿಂಗಳ ಮೇಲೆ ಬಂದ ವರದಿಯನ್ನು ಡಾಕ್ಟರು ಎರಡು ಸಲ ಓದಿದರು. ರೋಮಕ್ಕೆ ಸಂಬಂಧಿಸಿದ ಒಂದು ಜೀನಿನ ಎರಡೂ ಪ್ರತಿಗಳಲ್ಲಿ ಒಂದೇ ಬದಲಾವಣೆ ಇದೆ. ಆದರೆ ರೋಗಕ್ಕೆ ಅದೇ ಕಾರಣವೆಂದು ಸದ್ಯಕ್ಕೆ ಖಚಿತವಾಗಿ ಹೇಳಲಾಗದು.

"ಅಂದ್ರ ಹೌದೋ, ಅಲ್ಲೋ?" ಎಂದಳು ಹುಲಿಗೆಮ್ಮ.

"ಹೌದು ಅನಸತದ. ಹೌದು ಅಂತ ಬರದು ಕೊಡಾಕ ಆಗಂಗಿಲ್ಲ."

ಹೊರಗೆ ಬಂದವಳು ನನ್ನ ಕೈ ಹಿಡಿದಳು. "ಬಸುರಿದ್ದಾಗ ಗ್ರಹಣದ ದಿನ ಕಾಯಿಪಲ್ಯ ಹೆಚ್ಚಿದ್ದಕ್ಕ ಹಿಂಗಾತಂತ ಒಂಬತ್ತು ವರ್ಷದಿಂದ ನಮ್ಮತ್ತಿ ಅನ್ನಾಕತ್ತಾಳ. ನೀವೊಮ್ಮೆ ಬಂದು ಹೇಳ್ರಿ ಯಕ್ಕಾ. ನಾ ಹೇಳಿದ್ರ ಕೇಳಂಗಿಲ್ಲ."

ಭಾನುವಾರ ಬಸ್ಸು ಹತ್ತಿ ದೇವದುರ್ಗಕ್ಕೆ ಹೋದೆ. ಅತ್ತೆ ಈರಮ್ಮ ಕಟ್ಟೆಯ ಮೇಲೆ ಹುಣಸೆಹಣ್ಣು ಬಿಡಿಸುತ್ತಿದ್ದಳು. ಡಾಕ್ಟರು ಹೇಳಿದ್ದನ್ನು ನನಗೆ ಬಂದ ಕನ್ನಡದಲ್ಲಿ ಹೇಳಿದೆ. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ, ರಕ್ತದಲ್ಲೇ ಇಳಿದು ಬಂದಿರಬಹುದು, ನಿಮ್ಮ ಮಗನಲ್ಲೂ ಮೊಮ್ಮಗಳಾದ ಹುಲಿಗೆಮ್ಮನಲ್ಲೂ ಅದು ಇರಬಹುದು ಎಂದೆ.

"ಹಂಗಾದ್ರ ನನ್ನೊಳಗೂ ಅದ ಅಂತೀಯೇನು?"

"ಇರಬಹುದಮ್ಮ. ನಿಮ್ಮ ಯಜಮಾನರಲ್ಲೂ ಇದ್ದಿರಬಹುದು. ಖಚಿತವಾಗಿ ಗೊತ್ತಿಲ್ಲ."

ಬೈಯುತ್ತಾಳೆಂದುಕೊಂಡಿದ್ದೆ. ಅವಳ ಕೈ ನಿಂತಿತು. "ಮಗಳಿಗೂ ಮಗನಿಗೂ ನಡುವ ನನಗ ಇನ್ನೊಂದು ಗಂಡು ಕೂಸು ಇತ್ತು," ಎಂದಳು. "ಹುಟ್ಟಿದ ದಿನದಿಂದ ಉಬ್ಬಸ. ತುಟಿ ನೀಲಿ ಆಗತಿತ್ತು. ಮೂರು ತಿಂಗಳಕ್ಕ ಹೋತು. ನಮ್ಮತ್ತಿ ನನಗ ಇದೇ ಅಂದಿದ್ಲು, ಗ್ರಹಣದಾಗ ಹೊರಗ ಬಂದಿದ್ದಿ ಅಂತ." ಆ ಮಗುವಿನ ವಿಷಯ ಹುಲಿಗೆಮ್ಮನಿಗೂ ಗೊತ್ತಿರಲಿಲ್ಲ. ಅವಳು ಹೋಗಿ ಅತ್ತೆಯ ಪಕ್ಕ ಕುಳಿತಳು. ನಾನು ಹೇಳಿದ್ದರಿಂದ ಆ ಮುದುಕಿಯ ಭಾರ ಇಳಿಯಿತೋ ಏರಿತೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಮಲ್ಲಮ್ಮನ ರಂಧ್ರವನ್ನು ಬೆಂಗಳೂರಿನಲ್ಲಿ ಮುಚ್ಚಿದರು. ಈಗ ಓಡುತ್ತಾಳೆ. ಕೆಮ್ಮು ಹೋಗಿಲ್ಲ, ಹೋಗುವುದೂ ಇಲ್ಲವಂತೆ. ದಿನಾ ಬೆಳಿಗ್ಗೆ ಅವಳನ್ನು ಬೋರಲು ಮಲಗಿಸಿ ಬೆನ್ನು ತಟ್ಟಿ ಕಫ ಇಳಿಸಬೇಕು. ತಟ್ಟುವವಳು ಈರಮ್ಮ. ಇನ್ನೊಂದು ಮಗು ಬೇಕೋ ಬೇಡವೋ ಎಂದು ಹುಲಿಗೆಮ್ಮ ನನ್ನನ್ನು ಕೇಳುತ್ತಲೇ ಇರುತ್ತಾಳೆ. ನಾನು ಡಾಕ್ಟರ ಕಡೆ ಬೆರಳು ತೋರಿಸುತ್ತೇನೆ. ಅವರು ವರದಿಯ ಕಡೆ ತೋರಿಸುತ್ತಾರೆ.

ವರ್ಷ ತುಂಬಿತೆಂದು ಊರಿಗೆ ಹೋದೆ. ನಾಗರಾಜ ಮಾವ ಬಸ್‌ಸ್ಟ್ಯಾಂಡಿಗೆ ಬಂದು ಚೀಲ ಹೊತ್ತ. ಒಳ್ಳೆಯವನು, ಅದೇ ಕಷ್ಟ. ಊಟಕ್ಕೆ ಕೂತಾಗ ಅವ್ವನನ್ನು ಕೇಳಿದೆ: "ನಮ್ಮನೇಲಿ ಎಳೆಮಕ್ಕಳು ಯಾರಾದ್ರೂ ತೀರ್ಕೊಂಡಿದ್ರಾ?"

ಅವ್ವ ಮುದ್ದೆ ಬಡಿಸುವುದನ್ನು ನಿಲ್ಲಿಸಿ ಮಾವನ ಮುಖ ನೋಡಿದಳು. "ಅಲ್ಲಿಗೋಗಿ ಇದನ್ನ ಕಲ್ತ್ಕೊಂಡ್ ಬಂದ್ಯಾ?"

"ಸುಮ್ನೆ ಕೇಳಿದೆ. ಮದುವಿ ಮಾತು ಈಗ ಬ್ಯಾಡವ್ವ."

ಆಡಿದ ಮೇಲೆ ಆ ರಾಯಚೂರಿನ ಮಾತು ನನ್ನ ಕಿವಿಗೇ ಬಿತ್ತು. ಅವ್ವನ ಕಣ್ಣು ತುಂಬಿತು; ಮದುವೆ ಬೇಡವೆಂದದ್ದಕ್ಕೋ, 'ಮದುವಿ' ಎಂದದ್ದಕ್ಕೋ ತಿಳಿಯಲಿಲ್ಲ. "ಎಷ್ಟು ದಿನ ಇರ್ತೀಯ?" ಎಂದಳು.

"ಸೋಮವಾರ ಮನಿಗೆ ಹೋಗಬೇಕು," ಎಂದುಬಿಟ್ಟೆ.